ಫಿಗರ್ಸ್ ಆಫ್ ಸ್ಪೀಚ್: ನಮ್ಮ ಬಾಯಲ್ಲೇ ಇರೋ ಸಿಲಬಸ್

ಹೋದ ಸೆಮಿಸ್ಟರಿನ ಒಂದು ರಾತ್ರಿ. ಮರುದಿನ ಇಂಗ್ಲಿಷ್ ಇಂಟರ್ನಲ್ಸ್. ಹತ್ತನೇ ಕ್ಲಾಸಿನವರೆಗೂ ಕನ್ನಡ ಮಾಧ್ಯಮದಲ್ಲೇ ಓದಿ ಬಂದಿದ್ದ ಫಸ್ಟ್ ಇಯರ್ ಹುಡುಗನೊಬ್ಬ ಪುಸ್ತಕ ಹಿಡಿದುಕೊಂಡು ನಮ್ಮ ರೂಮಿಗೆ ಬಂದ. "ಅಣ್ಣಾ, ಈ ಸಿಮಿಲಿ, ಮೆಟಫರ್, ಮೆಟೊನಿಮಿ ಎಲ್ಲಾ ಬಾಯಿಪಾಠ ಮಾಡಿದೀನಿ. ಆದ್ರೆ ಸಾಲು ಕೊಟ್ಟು ಯಾವುದು ಅಂತ ಕೇಳಿದ್ರೆ ತಲೆ ಓಡಲ್ಲ. ನಂಗೆ ಇಂಗ್ಲಿಷ್ ಬರಲ್ಲ ಬಿಡಿ" ಅಂದ. ಆಮೇಲೆ ಎಲ್ಲರೂ ಊಟಕ್ಕೆ ಹೋದೆವು. ತಟ್ಟೆ ಮುಂದೆ ಕೂತವನೇ ಅವನು ಹೇಳಿದ್ದು ಹೀಗೆ: "ನೋಡಣ್ಣಾ, ಸಾಂಬಾರು ಕೆರೆ ಥರ ಇದೆ, ಬರೀ ನೀರು. ಸಾವಿರ ಸಲ ಹೇಳಿದ್ದಾಯ್ತು, ಮೆಸ್ಸು ಕಿವಿಗೇ ಹಾಕ್ಕೊಳಲ್ಲ. ಆಹಾ, ಏನ್ ರುಚಿ!"

ನಾವು ನಕ್ಕಿದ್ದು ಸಾಂಬಾರಿಗಲ್ಲ. ಅರ್ಧ ಗಂಟೆ ಹಿಂದೆ "ಬರಲ್ಲ" ಅಂದವನು ಒಂದೇ ಉಸಿರಲ್ಲಿ ನಾಲ್ಕು ಫಿಗರ್ ಆಫ್ ಸ್ಪೀಚ್ ಹೊಡೆದಿದ್ದ. "ಕೆರೆ ಥರ" ಅನ್ನೋದು ಸಿಮಿಲಿ. "ಸಾವಿರ ಸಲ" ಹೈಪರ್ಬೊಲಿ. ಮೆಸ್ಸಿನಲ್ಲಿ ಕೆಲಸ ಮಾಡುವವರನ್ನ "ಮೆಸ್ಸು" ಅಂದಿದ್ದು ಮೆಟೊನಿಮಿ. "ಏನ್ ರುಚಿ" ಅಂದಿದ್ದು ಐರನಿ. ಹೆಸರು ಗೊತ್ತಿಲ್ಲದಿದ್ದರೂ ವಿದ್ಯೆ ಅವನಿಗೆ ಗೊತ್ತಿತ್ತು. ಇದನ್ನ ಅವನಿಗೆ ಹೇಳಿದಾಗ ಅವನ ಮುಖದಲ್ಲಿ ಆದ ಬದಲಾವಣೆ ನೋಡಿಯೇ ಈ ಲೇಖನ ಬರೆಯಬೇಕು ಅಂತ ಅನ್ನಿಸಿದ್ದು.

ಇದು ಬರೀ ಮಾರ್ಕ್ಸಿನ ವಿಷಯ ಅಲ್ಲ. ಇಂಗ್ಲಿಷ್ ಕ್ಲಾಸಿನಲ್ಲಿ ಹಿಂದಿನ ಬೆಂಚಲ್ಲಿ ಕೂತು "ಇದು ನಮಗಲ್ಲ" ಅಂದುಕೊಳ್ಳುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅವರಿಗೆ ಇಲ್ಲದಿರೋದು ಬುದ್ಧಿ ಅಲ್ಲ, ಎರಡು ಭಾಷೆಗಳ ನಡುವಿನ ಒಂದು ಸೇತುವೆ. ಅದನ್ನ ಕಟ್ಟೋಣ ಬನ್ನಿ.

ಹತ್ತನೇ ಕ್ಲಾಸಿನ ನಾಲ್ಕು ಭಾಗ

ಸಿಮಿಲಿ ಅಂದ್ರೆ ಉಪಮೆ. ಹೈಸ್ಕೂಲಿನ ಕನ್ನಡ ವ್ಯಾಕರಣದಲ್ಲಿ ಉಪಮಾಲಂಕಾರಕ್ಕೆ ನಾಲ್ಕು ಭಾಗ ಹೇಳಿಕೊಟ್ಟಿದ್ದು ನೆನಪಿದೆಯಾ? "ಇಂಟರ್ನಲ್ಸ್ ಮುಗಿದ ದಿನ ಹಾಸ್ಟೆಲ್ಲು ಸಂತೆಯಂತೆ ಗದ್ದಲವಾಗಿತ್ತು" ಅನ್ನೋ ವಾಕ್ಯ ತಗೊಳ್ಳಿ. ಹಾಸ್ಟೆಲ್ಲು ಉಪಮೇಯ, ಅಂದ್ರೆ ನಾವು ಮಾತಾಡ್ತಿರೋ ವಸ್ತು. ಸಂತೆ ಉಪಮಾನ, ಅಂದ್ರೆ ಹೋಲಿಕೆಗೆ ತಂದ ವಸ್ತು. "ಅಂತೆ" ಉಪಮಾವಾಚಕ. ಗದ್ದಲ ಅನ್ನೋದು ಎರಡಕ್ಕೂ ಇರುವ ಸಮಾನಧರ್ಮ.

ಇಂಗ್ಲಿಷ್ ವಿಮರ್ಶಕ ಐ. ಎ. ರಿಚರ್ಡ್ಸ್ 1936ರಲ್ಲಿ ಮೆಟಫರ್ ಬಿಡಿಸೋಕೆ ಎರಡು ಪದ ಕೊಟ್ಟ: ಟೆನರ್ ಮತ್ತು ವೆಹಿಕಲ್. ಟೆನರ್ ಸುಮಾರಾಗಿ ನಮ್ಮ ಉಪಮೇಯ, ವೆಹಿಕಲ್ ನಮ್ಮ ಉಪಮಾನ. ಇಂಗ್ಲಿಷ್ ಪೇಪರಿನಲ್ಲಿ ಸಾಲು ಕೊಟ್ಟು ವಿವರಿಸಿ ಅಂದಾಗ ಈ ನಾಲ್ಕು ಭಾಗಗಳನ್ನೇ ಹುಡುಕಿ ಬರೆಯಿರಿ. ಯಾವುದನ್ನ ಯಾವುದಕ್ಕೆ ಹೋಲಿಸಿದ್ದಾರೆ, ಯಾವ ಗುಣಕ್ಕಾಗಿ, ಯಾವ ಪದದಿಂದ. ಕೊನೆಗೆ "ಇದರಿಂದ ಓದುಗನಿಗೆ ಏನು ಅನ್ನಿಸುತ್ತೆ" ಅಂತ ಒಂದು ವಾಕ್ಯ ಸೇರಿಸಿದರೆ ಉತ್ತರ ಪೂರ್ತಿ.

ಒಂದು ಎಚ್ಚರಿಕೆ. "ಲೈಕ್" ಅಥವಾ "ಹಾಗೆ" ಕಂಡ ಕಡೆಯೆಲ್ಲ ಸಿಮಿಲಿ ಅಂತ ಬರೀಬೇಡಿ. "ನೀನು ನಿಮ್ಮಪ್ಪನ ಹಾಗೇ ಇದ್ದೀಯ" ಅನ್ನೋದು ಸಿಮಿಲಿ ಅಲ್ಲ, ಮನುಷ್ಯನನ್ನ ಮನುಷ್ಯನಿಗೆ ಹೋಲಿಸಿದ ಸಾದಾ ಮಾತು. "ಈ ಫೋನು ಆ ಫೋನಿನಷ್ಟೇ ಫಾಸ್ಟು" ಅನ್ನೋದೂ ಅಷ್ಟೇ. ಸಿಮಿಲಿಗೆ ಬೇರೆ ಬೇರೆ ಜಾತಿಯ ಎರಡು ವಸ್ತು ಬೇಕು. ಸಾಂಬಾರು ಮತ್ತು ಕೆರೆ ಇದ್ದ ಹಾಗೆ.

ವಾಚಕ ಪದ ತೆಗೆದು, ಇದೇ ಅದು ಅಂತ ಹೇಳಿಬಿಟ್ಟರೆ ಮೆಟಫರ್, ಅಂದ್ರೆ ರೂಪಕ. "ಹಾಸ್ಟೆಲ್ಲು ಆವತ್ತು ಸಂತೆ" ಅಂದ್ರೆ ಮುಗೀತು. ಮೆಟಫರ್ ಅನ್ನೋ ಪದ ಗ್ರೀಕಿನಿಂದ ಬಂದದ್ದು, ಮೂಲದ ಅರ್ಥ "ಆಚೆಗೆ ಹೊತ್ತೊಯ್ಯುವುದು". ಒಂದು ವಸ್ತುವಿನ ಗುಣವನ್ನ ಇನ್ನೊಂದರ ಮೇಲೆ ಹೊತ್ತು ಹಾಕೋದು.

ಸತ್ತ ಮೆಟಫರ್‌ಗಳು

ಎಷ್ಟೋ ಮೆಟಫರ್‌ಗಳು ಬಳಸಿ ಬಳಸಿ ಸವೆದು, ಮೆಟಫರ್ ಅಂತಲೇ ಗೊತ್ತಾಗದ ಹಾಗೆ ಆಗಿವೆ. ಇವಕ್ಕೆ ಇಂಗ್ಲಿಷಿನಲ್ಲಿ ಡೆಡ್ ಮೆಟಫರ್ ಅಂತಾರೆ. ಮೇಜಿನ ಕಾಲು, ಸೂಜಿಯ ಕಣ್ಣು, ಗಡಿಯಾರದ ಮುಳ್ಳು. ಇಂಗ್ಲಿಷಿನವರು ಗಡಿಯಾರದಲ್ಲಿ ಕೈ ಕಂಡರು, ನಾವು ಮುಳ್ಳು ಕಂಡೆವು. ಅವರು ಬೆಟ್ಟಕ್ಕೆ ಪಾದ ಇಟ್ಟರು, ನಾವು ಮರಕ್ಕಿದ್ದ ಹಾಗೆ ಬುಡ ಇಟ್ಟೆವು. ಒಂದೇ ವಸ್ತು, ಎರಡು ಭಾಷೆಗಳ ಕಣ್ಣು.

ನಮ್ಮ ಬ್ರಾಂಚುಗಳಂತೂ ಇಂಥ ಮೆಟಫರ್‌ಗಳಿಂದಲೇ ತುಂಬಿವೆ. ಮೌಸ್, ವೈರಸ್, ಫೈರ್‌ವಾಲ್, ಹ್ಯಾಂಡ್‌ಶೇಕ್, ಮದರ್‌ಬೋರ್ಡ್, ಆರ್ಫನ್ ಪ್ರೋಸೆಸ್. ಡೇಟಾ ಸ್ಟ್ರಕ್ಚರಿನ ಟ್ರೀಗೆ ಬೇರು ಮೇಲಿದೆ, ಎಲೆ ಕೆಳಗಿದೆ, ಆದರೂ ನಾವು ಯಾರೂ ಪ್ರಶ್ನೆ ಕೇಳಲ್ಲ.

"ಬಗ್" ಪದದ ಕಥೆ ಕೇಳಿ. 1947ರಲ್ಲಿ ಹಾರ್ವರ್ಡ್ ಮಾರ್ಕ್ 2 ಕಂಪ್ಯೂಟರಿನ ರಿಲೇ ಒಳಗೆ ಪತಂಗವೊಂದು ಸಿಕ್ಕಿತು. ಅಲ್ಲಿದ್ದವರು ಅದನ್ನ ಲಾಗ್‌ಬುಕ್ಕಿಗೆ ಟೇಪಿನಲ್ಲಿ ಅಂಟಿಸಿ, ನಿಜವಾದ ಬಗ್ ಸಿಕ್ಕಿದ್ದು ಇದೇ ಮೊದಲು ಅನ್ನೋ ಅರ್ಥದಲ್ಲಿ ಟಿಪ್ಪಣಿ ಬರೆದರು. ಪದ ಹುಟ್ಟಿದ್ದೇ ಅಲ್ಲಿ ಅಂತ ಹಲವರು ಹೇಳ್ತಾರೆ, ಅದು ತಪ್ಪು. ಯಂತ್ರದ ದೋಷಕ್ಕೆ ಬಗ್ ಅನ್ನೋ ಮಾತನ್ನ ಎಡಿಸನ್ 1878ರಲ್ಲೇ ತನ್ನ ಪತ್ರದಲ್ಲಿ ಬಳಸಿದ್ದ. ಪದ ಮೊದಲೇ ಇದ್ದುದರಿಂದಲೇ ಲಾಗ್‌ಬುಕ್ಕಿನ ಜೋಕು ಜೋಕಾಗಿದ್ದು. ಸತ್ತ ಮೆಟಫರ್ ಒಳಗೆ ನಿಜವಾದ ಹುಳ ಬಂದು ಸಿಕ್ಕಿಹಾಕಿಕೊಂಡಿತ್ತು, ಅಷ್ಟೇ.

ಮೆಟಫರ್ ಸಹಾಯ ಮಾಡುತ್ತೆ, ಜೊತೆಗೆ ದಾರಿಯನ್ನೂ ತಪ್ಪಿಸುತ್ತೆ. ಕರೆಂಟನ್ನ ನೀರಿನ ಹಾಗೆ ಕಲ್ಪಿಸಿಕೊಳ್ಳಿ ಅಂತ ಮೇಷ್ಟ್ರು ಹೇಳ್ತಾರೆ. ವೋಲ್ಟೇಜು ಒತ್ತಡ, ರೆಸಿಸ್ಟೆನ್ಸು ಸಣ್ಣ ಪೈಪು. ಓಮ್‌ನ ನಿಯಮ ಅರ್ಥ ಮಾಡಿಕೊಳ್ಳೋಕೆ ಇದು ಸಾಕು. ಆದ್ರೆ ಪೈಪು ಕತ್ತರಿಸಿದರೆ ನೀರು ಚೆಲ್ಲುತ್ತೆ, ವೈರು ಕತ್ತರಿಸಿದರೆ ಕರೆಂಟು ನಿಂತೇ ಹೋಗುತ್ತೆ. ಹೋಲಿಕೆ ಎಲ್ಲಿ ಮುಗಿಯುತ್ತೆ ಅಂತ ಗೊತ್ತಿರೋನೇ ಅದನ್ನ ಸರಿಯಾಗಿ ಬಳಸಬಲ್ಲ. "ಕ್ಲೌಡ್" ಅಂದಾಗಲೂ ಹಾಗೇ. ಕೇಳೋಕೆ ಹಗುರ, ಆಕಾಶದಲ್ಲಿ ತೇಲೋ ಹಾಗೆ. ನಿಜದಲ್ಲಿ ಅದು ಯಾವುದೋ ಊರಿನ ಕಟ್ಟಡವೊಂದರಲ್ಲಿ ಕರೆಂಟು ತಿನ್ನುತ್ತಾ, ಬಿಸಿಯಾಗುತ್ತಾ ಇರೋ ಬೇರೊಬ್ಬರ ಕಂಪ್ಯೂಟರು. "ಡೇಟಾ ಅಂದ್ರೆ ಹೊಸ ಪೆಟ್ರೋಲು" ಅನ್ನೋ ಮಾತಿಗೂ ಇದೇ ಪರೀಕ್ಷೆ ಹಾಕಿ. ಪೆಟ್ರೋಲು ಒಮ್ಮೆ ಉರಿದರೆ ಮುಗೀತು. ನಿಮ್ಮ ಡೇಟಾವನ್ನ ಎಷ್ಟು ಜನ, ಎಷ್ಟು ಸಲ ಬೇಕಾದರೂ ಬಳಸಬಹುದು.

ಕೆಲವು ಮೆಟಫರ್‌ಗಳು ನೋವನ್ನೂ ಮಾಡುತ್ತವೆ. ಹಾರ್ಡ್‌ವೇರಿನಲ್ಲಿ "ಮಾಸ್ಟರ್" ಮತ್ತು "ಸ್ಲೇವ್" ಅಂತ ಬಹಳ ಕಾಲದಿಂದ ಹೇಳ್ತಾ ಬಂದಿದ್ದೇವೆ. ಅದರ ಹಿಂದೆ ಮನುಷ್ಯರನ್ನ ಮಾರಿದ ಚರಿತ್ರೆ ಇದೆ ಅಂತ ಆಕ್ಷೇಪ ಬಂದು ಎಷ್ಟೋ ಕಡೆ ಪದ ಬದಲಾಗಿದೆ. 2020ರಲ್ಲಿ ಗಿಟ್‌ಹಬ್ ಕೂಡ ಹೊಸ ರೆಪಾಸಿಟರಿಗಳ ಮೂಲ ಶಾಖೆಯ ಹೆಸರನ್ನ "ಮಾಸ್ಟರ್" ಬದಲು "ಮೇನ್" ಅಂತ ಮಾಡಿತು. ಒಂದು ಪದ ಸತ್ತ ಮೆಟಫರ್ ಹೌದೋ ಅಲ್ಲವೋ ಅನ್ನೋದು ಯಾರ ಕಿವಿಗೆ ಬೀಳುತ್ತೆ ಅನ್ನೋದರ ಮೇಲೂ ಇದೆ.

ಮೆಟೊನಿಮಿ, ಸಿನೆಕ್‌ಡಕಿ: ಯಾವುದು ಯಾವುದು?

ಪರೀಕ್ಷೆಯಲ್ಲಿ ಅತಿ ಹೆಚ್ಚು ಅದಲುಬದಲಾಗೋ ಜೋಡಿ ಇದು. ಒಂದು ವಸ್ತುವಿನ ಹೆಸರು ಹೇಳದೆ, ಅದರ ಜೊತೆ ಸಂಬಂಧ ಇರೋ ಇನ್ನೊಂದರ ಹೆಸರು ಹೇಳಿದರೆ ಮೆಟೊನಿಮಿ. "ವಿಧಾನಸೌಧ ಒಪ್ಪಿಲ್ಲ" ಅಂದ್ರೆ ಕಲ್ಲಿನ ಕಟ್ಟಡ ತಲೆ ಅಲ್ಲಾಡಿಸಿತು ಅಂತ ಅಲ್ಲ, ಸರ್ಕಾರ ಒಪ್ಪಿಲ್ಲ. "ಕುವೆಂಪು ಓದ್ತಿದೀನಿ" ಅಂದ್ರೆ ಅವರ ಪುಸ್ತಕ ಓದ್ತಿದೀನಿ. "ಎರಡು ಪ್ಲೇಟ್ ತಿಂದೆ" ಅಂದವನು ಪ್ಲೇಟನ್ನ ಕಡಿದಿಲ್ಲ.

ಸಿನೆಕ್‌ಡಕಿಯಲ್ಲಿ ಆ ಸಂಬಂಧ ಒಂದೇ ಬಗೆಯದು: ಭಾಗ ಮತ್ತು ಪೂರ್ಣ. "ಮನೇಲಿ ದುಡಿಯೋದು ಎರಡು ಕೈ, ತಿನ್ನೋದು ಆರು ಬಾಯಿ". ಕೈಯೂ ಬಾಯಿಯೂ ಮನುಷ್ಯನ ಭಾಗ. ಉಲ್ಟಾನೂ ಆಗಬಹುದು. "ಇಂಡಿಯಾ ಗೆದ್ದಿತು" ಅಂದಾಗ ಆಡಿದ್ದು ಹನ್ನೊಂದು ಜನ, ಹೇಳಿದ್ದು ಇಡೀ ದೇಶ. ಗುರುತು ಹಿಡಿಯೋಕೆ ಒಂದೇ ಪ್ರಶ್ನೆ ಕೇಳಿ: ಇದು ಅದರದೇ ತುಂಡಾ? ಹೌದಾದರೆ ಸಿನೆಕ್‌ಡಕಿ, ಬರೀ ನಂಟಾದರೆ ಮೆಟೊನಿಮಿ.

ಭಾರತೀಯ ಕಾವ್ಯಮೀಮಾಂಸೆಯಲ್ಲಿ ಇವೆರಡನ್ನೂ ಅಲಂಕಾರದ ಪಟ್ಟಿಯಲ್ಲಿ ಹುಡುಕಿದರೆ ಸುಲಭಕ್ಕೆ ಸಿಗಲ್ಲ. ಅವು ಲಕ್ಷಣೆ ಅನ್ನೋ ಬೇರೆ ಮನೆಯಲ್ಲಿವೆ. ಪದದ ನೇರ ಅರ್ಥ ಅಭಿಧೆ. ನೇರ ಅರ್ಥ ಹೊಂದದೆ ಪಕ್ಕದ ಅರ್ಥಕ್ಕೆ ಹೋಗುವುದು ಲಕ್ಷಣೆ. ಶಾಸ್ತ್ರಕಾರರು ಮತ್ತೆ ಮತ್ತೆ ಕೊಡುವ ಉದಾಹರಣೆ "ಗಂಗೆಯ ಮೇಲಿನ ಹಳ್ಳಿ". ನೀರಿನ ಮೇಲೆ ಹಳ್ಳಿ ನಿಲ್ಲಲ್ಲ, ಆದ್ದರಿಂದ ಗಂಗೆಯ ದಡ ಅಂತ ತಿಳೀಬೇಕು. ಮೂರನೆಯದು ವ್ಯಂಜನೆ, ಅಂದ್ರೆ ಹೇಳದೆ ಹೊಳೆಯಿಸೋದು. "ಒಂಬತ್ತೂವರೆ ಆಯ್ತು" ಅಂತ ಯಾರೋ ಹೇಳಿದರೆ ವಾರ್ಡನ್ನಿಗೆ ಗೇಟು ಹಾಕೋ ಹೊತ್ತು, ಮೆಸ್ಸಿನವರಿಗೆ ಪಾತ್ರೆ ಎತ್ತೋ ಹೊತ್ತು, ನಮಗೆ ಅಸೈನ್‌ಮೆಂಟ್ ಕಾಪಿ ಮಾಡೋಕೆ ಶುರು ಮಾಡೋ ಹೊತ್ತು. ವಾಕ್ಯ ಒಂದೇ. ಈ ಮೂರನೆಯ ಶಕ್ತಿಯನ್ನ ಕಾವ್ಯದ ಜೀವ ಅಂತ ವಾದಿಸಿದವನು 9ನೇ ಶತಮಾನದ ಕಾಶ್ಮೀರದ ಆನಂದವರ್ಧನ.

ಹೆಸರಿನಿಂದ ಮೋಸ ಹೋಗಬೇಡಿ

ಕನ್ನಡ ಪದ ಗೊತ್ತಿದ್ದೂ ಎಡವೋ ಜಾಗ ಎರಡಿವೆ.

ಮೊದಲನೆಯದು ಉತ್ಪ್ರೇಕ್ಷೆ. ದಿನನಿತ್ಯದ ಕನ್ನಡದಲ್ಲಿ ಉತ್ಪ್ರೇಕ್ಷೆ ಅಂದ್ರೆ ಹೆಚ್ಚು ಮಾಡಿ ಹೇಳೋದು, ಆದ್ದರಿಂದ ಹೈಪರ್ಬೊಲಿ ಅಂದ್ರೆ ಉತ್ಪ್ರೇಕ್ಷೆ ಅಂತ ಬರೆದುಬಿಡ್ತೀವಿ. ಅಲಂಕಾರಶಾಸ್ತ್ರದಲ್ಲಿ ಉತ್ಪ್ರೇಕ್ಷೆ ಬೇರೆ. "ಮಳೆ ನೋಡಿದ್ರೆ ಆಕಾಶವೇ ಅಳ್ತಿದೆಯೇನೋ ಅನ್ನಿಸುತ್ತೆ" ಅಂತ ಒಂದನ್ನ ಇನ್ನೊಂದಾಗಿ ಊಹಿಸೋದು ಅಲ್ಲಿನ ಉತ್ಪ್ರೇಕ್ಷೆ. ಹೈಪರ್ಬೊಲಿಗೆ ಹತ್ತಿರ ಇರೋದು ಅತಿಶಯೋಕ್ತಿ.

ಎರಡನೆಯದು ಪ್ರಾಸ. ಇಂಗ್ಲಿಷಿನ ರೈಮ್ ಸಾಮಾನ್ಯವಾಗಿ ಸಾಲಿನ ಕೊನೆಯಲ್ಲಿ ಬರುತ್ತೆ, ಅದು ನಮ್ಮ ಅಂತ್ಯಪ್ರಾಸ. ಹಳಗನ್ನಡ, ನಡುಗನ್ನಡ ಕಾವ್ಯದಲ್ಲಿ ಪ್ರಾಸ ಅಂದ್ರೆ ಪ್ರತಿ ಸಾಲಿನ ಎರಡನೇ ಅಕ್ಷರ ಹೊಂದಬೇಕು ಅನ್ನೋ ನಿಯಮ. ಮಂಜೇಶ್ವರ ಗೋವಿಂದ ಪೈಗಳು 1911ರ ಸುಮಾರಿಗೆ ಈ ನಿಯಮ ಮುರಿದು ಬರೆದದ್ದು ಹೊಸಗನ್ನಡ ಕಾವ್ಯದಲ್ಲಿ ದೊಡ್ಡ ಹೆಜ್ಜೆ.

ಕಿವಿಯ ಪರೀಕ್ಷೆಗೆ ಕನ್ನಡ ಲಿಪಿ

ಅಲಿಟರೇಷನ್ ಅಂದ್ರೆ ಹತ್ತಿರ ಹತ್ತಿರದ ಪದಗಳು ಒಂದೇ ವ್ಯಂಜನದ ಸದ್ದಿನಿಂದ ಶುರುವಾಗೋದು. ಸದ್ದು ಮುಖ್ಯ, ಸ್ಪೆಲಿಂಗ್ ಅಲ್ಲ. ಇಂಗ್ಲಿಷಿನಲ್ಲಿ ಕಾರ್, ಸಿಟಿ ಎರಡೂ ಸಿ ಅಕ್ಷರದಿಂದಲೇ ಶುರು, ಆದ್ರೆ ಅಲಿಟರೇಷನ್ ಇಲ್ಲ. ಕ್ಯಾಟ್, ಕಿಂಗ್, ಕ್ವೀನ್ ಮೂರಕ್ಕೂ ಬೇರೆ ಬೇರೆ ಅಕ್ಷರ, ಆದ್ರೆ ಅಲಿಟರೇಷನ್ ಇದೆ. ನೈಫ್ ಪದದ ಮುಂದಿರೋ ಕೆ ಸುಮ್ಮನೆ ನಿಂತಿರುತ್ತೆ.

ಇದಕ್ಕೆ ನಮ್ಮ ಹತ್ರ ಒಂದು ಸುಲಭ ಉಪಾಯ ಇದೆ. ಕೊಟ್ಟ ಇಂಗ್ಲಿಷ್ ಸಾಲನ್ನ ಪೆನ್ಸಿಲಿನಲ್ಲಿ ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಿ. ನಾವು ಉಚ್ಚರಿಸಿದ ಹಾಗೇ ಬರೆಯೋದರಿಂದ ಯಾವ ಸದ್ದು ಮರುಕಳಿಸ್ತಿದೆ ಅಂತ ಕಣ್ಣಿಗೇ ಕಾಣುತ್ತೆ. ಮೊದಲ ವ್ಯಂಜನ ಮರುಕಳಿಸಿದರೆ ಅಲಿಟರೇಷನ್, ಒಳಗಿನ ಸ್ವರ ಮರುಕಳಿಸಿದರೆ ಅಸೊನೆನ್ಸ್. ಕನ್ನಡ ಮಾಧ್ಯಮದವರಿಗೆ ಇದು ಅಡ್ಡಿ ಅಲ್ಲ, ಅನುಕೂಲ.

ಒನೊಮ್ಯಾಟೊಪೀಯ ಅಂದ್ರೆ ಸದ್ದನ್ನೇ ಅನುಕರಿಸುವ ಪದ. ಜುಳುಜುಳು, ದಡಬಡ, ಪಟಪಟ, ಗುಡುಗುಡು. ವ್ಯಾಕರಣದಲ್ಲಿ ಇವು ಅನುಕರಣಾವ್ಯಯ. ಆದ್ರೆ ಒಂದು ಸೂಕ್ಷ್ಮ ಇದೆ. "ಥಳಥಳ", "ಮಿಣಮಿಣ" ಅಂತೀವಲ್ಲ, ಅಲ್ಲಿ ಸದ್ದೇ ಇಲ್ಲ. ಬೆಳಕನ್ನ ಸದ್ದಿನಿಂದ ತೋರಿಸ್ತಿದ್ದೀವಿ. ಭಾಷಾವಿಜ್ಞಾನಿಗಳು ಇಂಥವನ್ನೂ ಸೇರಿಸಿ ಐಡಿಯೊಫೋನ್ ಅನ್ನೋ ದೊಡ್ಡ ಗುಂಪು ಮಾಡಿದ್ದಾರೆ. ಈ ವಿಷಯದಲ್ಲಿ ಕನ್ನಡ ಬಲು ಶ್ರೀಮಂತ.

ಪನ್‌ಗೆ ಹತ್ತಿರದ್ದು ಶ್ಲೇಷೆ. "ಬ್ಯಾಕ್ ಬೆಂಚಲ್ಲಿ ಕೂತವನಿಗೆ ಬ್ಯಾಕ್ ಗ್ಯಾರಂಟಿ" ಅನ್ನೋದು ನಮ್ಮ ಕ್ಯಾಂಪಸ್ಸಿನ ಹಳೇ ಪನ್. ಕನ್ನಡ, ಇಂಗ್ಲಿಷ್ ಬೆರೆಸಿ ಇಂಥ ಆಟ ಆಡೋದರಲ್ಲಿ ಟಿ. ಪಿ. ಕೈಲಾಸಂ ನಮಗೆಲ್ಲ ಸೀನಿಯರ್.

ಹೇಳೋದೊಂದು, ಅರ್ಥ ಇನ್ನೊಂದು

ಐರನಿ ಮೂರು ಬಗೆ. ಹನ್ನೊಂದು ಗಂಟೆಗೆ ಎದ್ದವನಿಗೆ ಅಮ್ಮ "ಬನ್ನಿ ಮಹಾರಾಜರೇ, ಈಗ ಬೆಳಗಾಯ್ತಾ?" ಅಂದ್ರೆ ವರ್ಬಲ್ ಐರನಿ. ಹೊಗಳಿದಂತೆ ಬಯ್ಯೋ ಇದಕ್ಕೆ ನಮ್ಮಲ್ಲಿ ವ್ಯಾಜಸ್ತುತಿ ಹತ್ತಿರ. ಅಗ್ನಿಶಾಮಕ ಠಾಣೆಗೇ ಬೆಂಕಿ ಬಿದ್ದರೆ ಸಿಚುಯೇಷನಲ್ ಐರನಿ. ಪಾತ್ರಕ್ಕೆ ಗೊತ್ತಿಲ್ಲದ್ದು ಪ್ರೇಕ್ಷಕನಿಗೆ ಗೊತ್ತಿದ್ದರೆ ಡ್ರಮ್ಯಾಟಿಕ್ ಐರನಿ. ಶೇಕ್ಸ್‌ಪಿಯರನ ಒಥೆಲೊ ತನ್ನ ಬೆನ್ನಿಗೆ ಚೂರಿ ಹಾಕ್ತಿರೋ ಇಯಾಗೊನನ್ನೇ ಪ್ರಾಮಾಣಿಕ ಅಂತ ನಂಬಿರ್ತಾನೆ. ಯಕ್ಷಗಾನದಲ್ಲಿ ಅರ್ಜುನ ಕರ್ಣನ ಮೇಲೆ ಬಾಣ ಹೂಡಿದಾಗ ಅವನು ಅಣ್ಣ ಅಂತ ಅರ್ಜುನನಿಗೆ ಗೊತ್ತಿಲ್ಲ. ಚಾಪೆ ಹಾಸಿಕೊಂಡು ಕೂತ ಅಜ್ಜಿಗೆ ಗೊತ್ತು.

ಲೈಟೊಟೀಸ್ ಅಂದ್ರೆ ಉಲ್ಟಾದ್ದನ್ನ ಅಲ್ಲಗಳೆದು ಹೌದು ಅನ್ನೋದು. "ಅವನೇನು ದಡ್ಡ ಅಲ್ಲ" ಅಂದ್ರೆ ಚುರುಕಾಗಿದ್ದಾನೆ ಅಂತ. ಮಗ ಎಂಬತ್ತೈದು ಪರ್ಸೆಂಟ್ ತಂದರೂ "ಪರವಾಗಿಲ್ಲ" ಅನ್ನೋ ಅಪ್ಪಂದಿರ ನೆಚ್ಚಿನ ಶೈಲಿಯೂ ಇದರ ನೆಂಟನೇ.

ಯೂಫೆಮಿಸಂ ಅಂದ್ರೆ ಕಹಿಯಾದದ್ದನ್ನ ಮೆತ್ತಗೆ ಹೇಳೋದು. ಸತ್ತರು ಅನ್ನದೆ ತೀರಿಕೊಂಡರು ಅಂತೀವಿ. ದೀಪ ಆರಿಸು ಅನ್ನದೆ ದೊಡ್ಡದು ಮಾಡು ಅಂತಾರೆ ಹಿರಿಯರು. ಮನೆಯಿಂದ ಹೊರಡುವಾಗ "ಹೋಗ್ತೀನಿ" ಅಂದ್ರೆ ಅಜ್ಜಿ ತಡೆದು "ಹೋಗಿ ಬರ್ತೀನಿ ಅನ್ನು" ಅಂತಾಳೆ. ಇಲ್ಲೆಲ್ಲ ಮೆತ್ತನೆ ಮಾತಿನ ಹಿಂದೆ ಪ್ರೀತಿ ಇದೆ, ಭಯ ಇದೆ.

ಆದ್ರೆ ನಾಳೆ ಕೆಲಸಕ್ಕೆ ಸೇರಿದ ಮೇಲೆ ಇನ್ನೊಂದು ಜಾತಿಯ ಯೂಫೆಮಿಸಂ ನೋಡ್ತೀರಿ. ಕೆಲಸದಿಂದ ತೆಗೆಯೋದಕ್ಕೆ "ರೈಟ್‌ಸೈಜಿಂಗ್", ಎರಡು ಜನರ ಕೆಲಸ ಒಬ್ಬರ ಮೇಲೆ ಹಾಕೋದಕ್ಕೆ "ಸ್ಟ್ರೆಚ್ ಅಪರ್ಚುನಿಟಿ". ಅಜ್ಜಿಯ ಮಾತು ಕೇಳುವವನ ಮನಸ್ಸು ಕಾಯುತ್ತೆ, ಈ ಮಾತು ಹೇಳುವವನ ಮರ್ಯಾದೆ ಕಾಯುತ್ತೆ. ಎರಡಕ್ಕೂ ಹೆಸರು ಒಂದೇ. ಹೆಸರು ಗೊತ್ತಿದ್ದರೆ ಆಫರ್ ಲೆಟರ್ ಓದುವಾಗ ಒಂದು ಕ್ಷಣ ನಿಂತು, ಈ ಮೆತ್ತನೆ ಪದದ ಕೆಳಗೆ ಏನಿದೆ ಅಂತ ಕೇಳಿಕೊಳ್ತೀವಿ. ಫಿಗರ್ಸ್ ಆಫ್ ಸ್ಪೀಚ್ ಎಂಜಿನಿಯರಿಗೆ ಯಾಕೆ ಬೇಕು ಅಂತ ಕೇಳುವವರಿಗೆ ನಮ್ಮ ಉತ್ತರ ಇದೇ.

ಇದು ಹೊಸದೇನಲ್ಲ

ನಮಗೆ ಸಿಕ್ಕಿರುವ ಕನ್ನಡ ಕೃತಿಗಳಲ್ಲಿ ಅತ್ಯಂತ ಹಳೆಯದು 9ನೇ ಶತಮಾನದ ಕವಿರಾಜಮಾರ್ಗ. ರಾಷ್ಟ್ರಕೂಟ ದೊರೆ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯ ಬರೆದದ್ದು. ಅದು ಕಥೆಯೂ ಅಲ್ಲ, ಪುರಾಣವೂ ಅಲ್ಲ. ಬರವಣಿಗೆಯ ದೋಷ ಯಾವುದು, ಶಬ್ದಾಲಂಕಾರ ಯಾವುದು, ಅರ್ಥಾಲಂಕಾರ ಯಾವುದು ಅಂತ ಹೇಳಿಕೊಡೋ ಪುಸ್ತಕ. ಸಂಸ್ಕೃತದ ದಂಡಿಯ ಕಾವ್ಯಾದರ್ಶವನ್ನ ಎದುರಿಗಿಟ್ಟುಕೊಂಡು, ಅದನ್ನ ಕನ್ನಡಕ್ಕೆ ಹೊಂದಿಸಿ ಬರೆದದ್ದು. ಅಂದ್ರೆ ನಮ್ಮ ಮೊದಲ ಪುಸ್ತಕವೇ ಫಿಗರ್ಸ್ ಆಫ್ ಸ್ಪೀಚ್ ಪುಸ್ತಕ, ಅದೂ ಬೇರೆ ಭಾಷೆಯ ಶಾಸ್ತ್ರವನ್ನ ತನ್ನ ಭಾಷೆಯ ಕಣ್ಣಿಂದ ಓದಿದ ಪುಸ್ತಕ. ಇಂಗ್ಲಿಷ್ ಪಠ್ಯ ಮುಂದಿಟ್ಟುಕೊಂಡು ಕೂತಿರೋ ನಾವು ಮಾಡಬೇಕಾದ್ದೂ ಅದನ್ನೇ.

ಅಂದಹಾಗೆ, ಆ ಫಸ್ಟ್ ಇಯರ್ ಹುಡುಗ ಮರುದಿನ ಪರೀಕ್ಷೆ ಬರೆದು ಬಂದ. ಒಂದು ಸಿನೆಕ್‌ಡಕಿಯನ್ನ ಮೆಟೊನಿಮಿ ಅಂತ ಬರೆದಿದ್ದನಂತೆ, ಅಲ್ಲಿ ಎರಡು ಮಾರ್ಕ್ಸ್ ಹೋಯ್ತು. ಸಿಮಿಲಿಗೆ ಸ್ವಂತ ಉದಾಹರಣೆ ಕೊಡಿ ಅಂದಿದ್ದ ಕಡೆ ಸಾಂಬಾರನ್ನೇ ಇಂಗ್ಲಿಷಿನಲ್ಲಿ ಬರೆದಿದ್ದ. ಪೂರ್ತಿ ಮಾರ್ಕ್ಸ್. ಈಗ ಕ್ಲಾಸಿನಲ್ಲಿ ಕೈ ಎತ್ತುತ್ತಾನೆ, ತಪ್ಪಾದರೂ ಎತ್ತುತ್ತಾನೆ.

ನಿಮ್ಮೂರಿನ ಮಾತಿನಲ್ಲೂ ಇಂಥವು ಇದ್ದೇ ಇರುತ್ತವೆ. ಧಾರವಾಡದ್ದು, ಮಂಗಳೂರಿನದ್ದು, ಕಲಬುರಗಿಯದ್ದು, ಚಾಮರಾಜನಗರದ್ದು, ಯಾವುದಾದರೂ ಸರಿ. ಈ ವಾರಾಂತ್ಯ ಮನೆಗೆ ಹೋದಾಗ ಅಜ್ಜಿ ಮಾತಾಡೋದನ್ನ ಹತ್ತು ನಿಮಿಷ ಸುಮ್ಮನೆ ಕೇಳಿ. ಸಿಕ್ಕಿದ್ದನ್ನ ಬರೆದು ನಮಗೆ ಕೊಡಿ, ಮುಂದಿನ ಸಂಚಿಕೆಯಲ್ಲಿ ಎಲ್ಲ ಸೇರಿಸಿ ಹಾಕೋಣ.